ಆಧಾರಿಗೆ ಹಚ್ಚಿದ ಕುಂಕುಮ

ಔರಾದದಲ್ಲಿ ಪಿಂಚಣಿದಾರರ ಆಧಾರ್ ಪರಿಶೀಲಿಸುವ ಕೆಲಸ. ಬೆಳಗಿನಿಂದ ಕೂತು ನನ್ನ ಸೊಂಟ ಹಿಡಿದುಕೊಂಡಿತ್ತು. ಡಾಬಕಾದಿಂದ ಬಂದ ಮುದುಕಿಯೊಬ್ಬಳ ಕಾರ್ಡನ್ನು ಮಷಿನ್ ಓದಲೇ ಇಲ್ಲ. ನೋಡಿದರೆ ಕ್ಯೂಆರ್ ಕೋಡಿನ ಮೇಲೆ ಹೆಬ್ಬೆಟ್ಟಿನಗಲ ಕುಂಕುಮ.

"ಇದೇನು, ಆಯಿ?"

"ದಸರಾಕ್ಕ ಪೂಜಿ ಮಾಡೀನ್ರಿ. ಇದಿಲ್ಲಂದ್ರ ಪಗಾರ ಇಲ್ಲ ಅಂತ ನೀವೇ ಅಂತೀರಲ್ರಿ?"

ಕರವಸ್ತ್ರ ಒದ್ದೆ ಮಾಡಿ ಒರೆಸಿದೆ. ಕೋಡ್ ಸ್ವಚ್ಛವಾಯಿತು, ಅಷ್ಟರಲ್ಲಿ ಸರ್ವರ್ ಹೋಯಿತು. ಒಂದು ತಾಸು ಕಾದೆವು.

"ಅಳಿಸಬಾರದಿತ್ರಿ" ಎಂದವಳೇ ಸಂಚಿಯಿಂದ ಕುಂಕುಮದ ಪುಡಿಕೆ ತೆಗೆದು ಮಷಿನ್ನಿಗೇ ಬೊಟ್ಟಿಟ್ಟಳು. ಬೇಡ ಎನ್ನಲೂ ನನಗೆ ತ್ರಾಣವಿರಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿದೆ. ಆಕೆಯ ಹೆಸರು ಬಂತು.

ಸರ್ವರ್ ತಾನಾಗಿಯೇ ಬಂದದ್ದೆಂದು ನನಗೆ ಗೊತ್ತು. ಆದರೂ ದಿನಾ ಮಷಿನ್ ಒರೆಸುವಾಗ ಆ ಬೊಟ್ಟಿನ ಸುತ್ತಲಷ್ಟೇ ಒರೆಸುತ್ತೇನೆ.