ಆಗಲ್ಲ ಅನ್ನಲು ಬಾರದವನು

ನಮ್ಮಣ್ಣ ಎಸ್ಟಿಲ್ ನೇಪಿಯರನಷ್ಟು ಹಟಮಾರಿ ಕೆಂಟಕಿಯ ಈ ಬೆಟ್ಟಗಳಲ್ಲಿ ಇನ್ನೊಬ್ಬನಿಲ್ಲ. ಸಾಮಿಲ್ಲಿನಲ್ಲಿ ಓಕ್ ದಿಮ್ಮಿ ಎತ್ತಿ ಗಟ್ಟಿಯಾದ ಮೈ. ಐವತ್ತು ದಾಟುವಷ್ಟರಲ್ಲಿ ಸಂಧಿವಾತ ಅವನ ಎರಡೂ ಕೈಗಳನ್ನು ಸೊಟ್ಟ ಮಾಡಿ, ಸೊಂಟ ಹಿಡಿದು ಕೂರಿಸಿಬಿಟ್ಟಿತು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ದಿನಾ ಬೆಳಿಗ್ಗೆ ನಾನು ಹೋಗಿ ಅವನನ್ನು ಎಬ್ಬಿಸಿ, ಮುಖ ತೊಳೆದು, ಬಟ್ಟೆ ಹಾಕಿ, ಮೆಕ್ಕೆಜೋಳದ ರೊಟ್ಟಿ ಮುರಿದಿಟ್ಟು, ಶಾಲೆಯ ಅಡುಗೆಮನೆಯ ಕೆಲಸಕ್ಕೆ ಓಡುತ್ತಿದ್ದೆ. ನನಗೇನು ಹರೆಯವೇ? ಅವನನ್ನು ಎತ್ತಿ ಎತ್ತಿ ನನ್ನ ಬೆನ್ನೂ ಹೋಯಿತು. ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಬೇಕು, ಇಲ್ಲವೇ ಅವನು ಮನೆ ಬಿಟ್ಟು ಪಟ್ಟಣದ ವೃದ್ಧಾಶ್ರಮ ಸೇರಬೇಕು. ಬೇರೆ ದಾರಿಯಿರಲಿಲ್ಲ.

ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದು, ಈಗ ಮೈಯಲ್ಲಿ ಶಕ್ತಿಯಿಲ್ಲದೆ, ಕೈಯಲ್ಲಿ ಕಾಸೂ ಇಲ್ಲದವರಿಗೆ ಸರ್ಕಾರ ಪಿಂಚಣಿ ಕೊಡುತ್ತದೆ. ಅರ್ಜಿ ಹಾಕು ಅಂದರೆ ಮಹಾರಾಯ ಕೇಳಬೇಕಲ್ಲ!

"ಜರ್ಮನೀಲಿ ಲಾರಿ ರಿಪೇರಿ ಮಾಡ್ಕೊಂಡಿದ್ದೋನು ಕಣೇ ನಾನು. ವಿಯೆಟ್ನಾಂ ಕಣ್ಣಲ್ಲೂ ನೋಡಿಲ್ಲ. ಅದು ಗುಂಡು ತಿಂದೋರ ದುಡ್ಡು."

"ಎಲ್ಲಿಗೆ ಕಳಿಸ್ಬೇಕು ಅಂತ ನಿನ್ನ ಕೇಳಿ ಕಳಿಸಿದ್ರಾ? ಕರೆದ್ರು, ಹೋದೆ. ಅಷ್ಟು ಸಾಕಂತೆ. ಸುಮ್ನೆ ಅರ್ಜಿ ಹಾಕು."

ಹಾಕಿದ. ಆಸ್ಪತ್ರೆಯಲ್ಲಿ ಪರೀಕ್ಷೆಗೆ ಕರೆದರು. ಸರ್ಕಾರಿ ಡಾಕ್ಟರ ಮುಂದೆ ಭಿಕಾರಿಯ ಹಾಗೆ ಹೋಗಲಾರೆ ಎಂದು ಇಸ್ತ್ರಿ ಅಂಗಿ, ಪಾಲಿಶ್ ಬೂಟು ಹಾಕಿಸಿಕೊಂಡ. ನನ್ನನ್ನು ಹೊರಗೇ ಕೂರಿಸಿ, ಕಾಲೆಳೆದುಕೊಂಡು ಒಬ್ಬನೇ ಒಳಗೆ ಹೋದ. ಕೆಲವು ವಾರಗಳಾದ ಮೇಲೆ ಉತ್ತರ ಬಂತು: ಇವರು ಕೆಲಸ ಮಾಡಲು ಶಕ್ತರು, ಪಿಂಚಣಿ ಇಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಮಾಜಿ ಸೈನಿಕರ ಅರ್ಜಿಗಳನ್ನು ನೋಡಿಕೊಳ್ಳುವ ಬಾಯ್ಡ್ ಎಂಬವನ ಬಳಿಗೆ ಅಣ್ಣನನ್ನು ಕರೆದುಕೊಂಡು ಹೋದೆ. ಬಾಯ್ಡ್ ಕಾಗದ ಓದಿ, ಕನ್ನಡಕ ತೆಗೆದ.

"ಹೇಗಿದ್ದೀರಾ ಅಂತ ಡಾಕ್ಟರು ಕೇಳಿದಾಗ ಏನಂದ್ರಿ?"

"ಪರವಾಗಿಲ್ಲ ಅಂದೆ."

"ಕೈ ಹೇಗಿದೆ ಅಂದಾಗ?"

"ಪರವಾಗಿಲ್ಲ ಅಂದೆ."

ನಮ್ಮ ಕಣಿವೆಯ ಗಂಡಸರೇ ಹಾಗೆ. ಮನೆಗೆ ಬೆಂಕಿ ಬಿದ್ದಿರಲಿ, ಯಾರಾದರೂ ಕೇಳಿದರೆ ಪರವಾಗಿಲ್ಲ. ಅದು ಬಿಟ್ಟು ಬೇರೆ ಉತ್ತರ ಅವರ ನಾಲಿಗೆಗೆ ಬರುವುದೇ ಇಲ್ಲ.

"ಅಂದ್ರೆ ಡಾಕ್ಟರಿಗೆ ಸುಳ್ಳು ಹೇಳಿ ಬಂದಿದ್ದೀರಿ," ಅಂದ ಬಾಯ್ಡ್.

ಅಣ್ಣನ ಮುಖ ಕೆಂಪಗಾಯಿತು. ಪ್ರತಿ ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುವವನು ಅವನು. "ನನ್ನ ಜನ್ಮದಲ್ಲಿ ಸುಳ್ಳು ಹೇಳಿದೋನಲ್ಲ ನಾನು."

"ಹೇಳಿದ್ದೀರಲ್ಲ ಸ್ವಾಮಿ, ಬರೆದು ಕಳಿಸಿದ್ದಾರೆ ನೋಡಿ."

ಮನೆ ಮುಂದೆ ಕಾರಿನಿಂದ ಇಳಿಸುವಾಗ ಅಣ್ಣ, "ಇನ್ನೊಂದು ಸಲ ಹೋಗ್ತೀನಿ. ಬಾಯ್ಡ್‌ಗೆ ಹೇಳಿಬಿಡು," ಅಂದ.

ಬಾಯ್ಡ್ ಮೇಲ್ಮನವಿ ಹಾಕಿ ಎರಡನೇ ಪರೀಕ್ಷೆ ಕೊಡಿಸಿದ. ಆ ಬೆಳಿಗ್ಗೆ ನಾನು ಹೋದಾಗ ಅಣ್ಣ ಬಾಗಿಲಲ್ಲೇ ಕೂತಿದ್ದ. ನನ್ನನ್ನು ಕಾಯದೆ ತಾನೇ ಬಟ್ಟೆ ಹಾಕಿಕೊಂಡಿದ್ದ. ಅಂಗಿಯ ಗುಂಡಿಗಳೆಲ್ಲ ಬಿಚ್ಚಿದ್ದವು, ಗಡ್ಡ ಬೆಳೆದಿತ್ತು, ಬೂಟಿನೊಳಗೆ ಅರ್ಧ ಪಾದ. ಸರಿಮಾಡಲು ಕೈ ಚಾಚಿದೆ.

"ಮುಟ್ಟಬೇಡ. ಹೀಗೇ ಹೋಗೋಣ."

ಈ ಬಾರಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನನ್ನನ್ನೂ ಒಳಗೆ ಕರೆದಳು.

"ಹೇಗಿದ್ದೀರಾ, ನೇಪಿಯರ್ ಅವರೇ?"

ಅಣ್ಣನ ಬಾಯಿ ತೆರೆಯಿತು. ಆ ಹಳೇ ಮಾತು ತುದಿನಾಲಿಗೆಗೆ ಬಂದಿದ್ದು ನನಗೇ ಕಂಡಿತು. ಅದನ್ನು ನುಂಗಿಕೊಂಡ.

"ಚೆನ್ನಾಗಿಲ್ಲಮ್ಮ."

"ಈ ಲೋಟ ಎತ್ತೋಕಾಗುತ್ತಾ?"

"ಆಗಲ್ಲ."

"ಅಡುಗೆ ಯಾರು ಮಾಡ್ತಾರೆ?"

"ತಂಗಿ."

"ಸ್ನಾನ?"

"ತಂಗಿ."

ಡಾಕ್ಟರು ದನಿ ತಗ್ಗಿಸಿ, "ಶೌಚಾಲಯಕ್ಕೆ?" ಅಂದಳು.

ನಾನು ಎದ್ದು ಹೊರಗೆ ಹೋಗೋಣವೆಂದುಕೊಂಡೆ. ಅಣ್ಣ ಆ ಸೊಟ್ಟ ಕೈಯನ್ನು ನನ್ನ ಮೊಣಕಾಲ ಮೇಲೆ ಒತ್ತಿ ಹಿಡಿದ.

"ಅದಕ್ಕೂ ನನ್ನ ತಂಗೀನೇ. ಅವಳಿಲ್ಲದಿದ್ರೆ ಹಾಸಿಗೇಲೇ." ಡಾಕ್ಟರ ಪೆನ್ನು ನಿಂತಿತ್ತು. "ಬರ್ಕೊಳ್ಳಮ್ಮ, ಬರ್ಕೊಳ್ಳಿ. ನಿಜ ಹೇಳೋಕೇ ಬಂದಿರೋದು ನಾನು."

ನನಗೆ ಅಳು ತಡೆಯಲಾಗಲಿಲ್ಲ. ಅವನು ಮಾತ್ರ ನೆಟ್ಟಗೆ ಡಾಕ್ಟರನ್ನೇ ನೋಡುತ್ತಾ ಮುಂದಿನ ಪ್ರಶ್ನೆಗೆ ಕಾದ.

ಆ ಚಳಿಗಾಲ ಮುಗಿಯುವ ಮೊದಲೇ ಪಿಂಚಣಿ ಮಂಜೂರಾಯಿತು. ಅವನನ್ನು ನೋಡಿಕೊಳ್ಳಲು ಲೊರೆಟಾ ಎಂಬ ಹೆಂಗಸನ್ನು ಇಟ್ಟುಕೊಂಡೆವು. ಅವಳು ಬಂದ ಮೊದಲ ದಿನ ಎಲ್ಲ ತೋರಿಸಿಕೊಟ್ಟು ನಾನು ಹೊರಟೆ. ಅಣ್ಣ ಹಿಂದಿನಿಂದ ಕೂಗಿದ.

"ವರ್ನಾ, ನಾಳೆ ಕಾಫಿ ಕುಡಿಯೋಕೆ ಬಾರೇ. ಇನ್ಮೇಲೆ ಬರೀ ತಂಗಿಯಾಗಿ ಬಾ."