ಹಿಂದಕ್ಕೆ ಸೈಕಲ್ ತುಳಿಯುತ್ತಿದ್ದ ಅಕ್ಕ

ನಮ್ಮ ಮೊಮ್ಮಗಳು ಗೆದ್ದುಬಿಟ್ಟಳು! ಬೆಂಗಳೂರಿನಲ್ಲಿ, ಅಷ್ಟೊಂದು ಜನದ ಮುಂದೆ, ಹೆಣ್ಣುಮಕ್ಕಳಲ್ಲಿ ಮೊದಲನೇ ಬಹುಮಾನ! ಮನೆಗೆ ಬಂದವಳನ್ನ ಬೀದಿಯಲ್ಲೇ ತಬ್ಬಿಕೊಂಡೆ. ಎದುರುಮನೆಯವರಿಗೆ, ಹಾಲಿನವನಿಗೆ, ಸೊಪ್ಪಿನವಳಿಗೆ, ಸಿಕ್ಕಿದವರಿಗೆಲ್ಲ ಹೇಳಿದ್ದೇ ಹೇಳಿದ್ದು. "ಸಾಕು ಒಳಗ್ ಬನ್ರೀ, ಸೊಪ್ಪಿನವಳಿಗೆ ಆಗ್ಲೇ ಎರಡು ಸಲ ಹೇಳಿದ್ರಿ" ಅಂತ ನನ್ನ ಹೆಂಡತಿ ಕೂಗಿದಳು. ಹೇಳಿದರೆ ಏನಂತೆ? ಜೀವಮಾನವೆಲ್ಲ ಚಿಂತಾಮಣಿಯಲ್ಲಿ ಪಂಕ್ಚರ್ ಹಾಕಿಕೊಂಡು ಬಂದ ಮನೆಗೆ ಸೈಕಲ್ಲಿನಿಂದಲೇ ಬಹುಮಾನದ ಕಪ್ ಬಂದಿದೆ, ಸುಮ್ಮನೆ ಇರಕ್ಕಾಗುತ್ತಾ?

ಅವಳು ಆಡುವ ಆಟಕ್ಕೆ ಫ್ಲಾಟ್‌ಲ್ಯಾಂಡ್ ಅಂತಾರೆ. ಬಿಎಂಎಕ್ಸ್ ಅನ್ನೋ ಗಿಡ್ಡ ಸೈಕಲ್ಲಿನ ಮೇಲೆ ಸಪಾಟು ನೆಲದಲ್ಲಿ ನಿಲ್ಲೋದು, ಕುಣಿಯೋದು, ಬುಗುರಿ ತಿರುಗಿದ ಹಾಗೆ ತಿರುಗೋದು. ಅವಳ ಸೈಕಲ್ಲು ಯಾರೋ ಇಬ್ಬರು ಓಡಿಸಿ ಬಿಟ್ಟ ಹಳೇದು. ಈಗ ಬಹುಮಾನದ ಜೊತೆಗೆ ಅಲ್ಲಿನವರು, ಸೈಕಲ್ಲಿಗೆ ಯಾವುದಾದರೂ ಒಂದು ಹೊಸ ಸಾಮಾನು ಆರಿಸಿಕೋ, ನಾವು ಹಾಕಿಸಿಕೊಡ್ತೀವಿ ಅಂದಿದ್ದಾರಂತೆ. ಒಂದೇ ಒಂದು. ಸರಿ, ಅಂಗಳದಲ್ಲಿ ಸೈಕಲ್ಲನ್ನ ತಲೆಕೆಳಗೆ ಮಾಡಿ ನಿಲ್ಲಿಸಿಕೊಂಡು ಮನೆಮಂದಿಯೆಲ್ಲ ಪಂಚಾಯ್ತಿಗೆ ಕೂತರು.

"ಹ್ಯಾಂಡಲ್ ನೋಡು, ತುಕ್ಕು ತಿಂದದೆ. ಅದನ್ನ ಹಾಕ್ಸು" ಅಂದ ನನ್ನ ಮಗ.

"ಮೊದ್ಲು ಬ್ರೇಕ್ ಹಾಕ್ಸೇ ತಾಯಿ" ಅಂದಳು ಸೊಸೆ.

"ಒಂದು ಮೆತ್ತನೆ ಸೀಟಾದ್ರೂ ಹಾಕ್ಸಮ್ಮ, ಕೂತ್ಕೊಳಕ್ಕೆ" ಅಂದಳು ನನ್ನ ಹೆಂಡತಿ.

"ಅಜ್ಜಿ, ಈ ಆಟದಲ್ಲಿ ಯಾರೂ ಕೂತ್ಕೊಳಲ್ಲ!"

"ಮತ್ತೆ ಸೀಟ್ ಯಾಕೆ ಇಟ್ಟವ್ರೆ?"

ಮೊಮ್ಮಗಳು ನಕ್ಕು, ಗೆಳತಿಯಿಂದ ಎರವಲು ತಂದಿದ್ದ ಇನ್ನೊಂದು ಸೈಕಲ್ಲನ್ನ ನನ್ನ ಮುಂದೆ ತಂದು ನಿಲ್ಲಿಸಿದಳು. "ತಾತ, ಇದರ ಹಿಂದಿನ ಹಬ್ ನೋಡು" ಅಂತ ಸೈಕಲ್ಲನ್ನ ಹಿಂದಕ್ಕೆ ತಳ್ಳಿದಳು. ಚಕ್ರ ಹಿಂದಕ್ಕೆ ಉರುಳಿತು. ಬೇರೆ ಸೈಕಲ್ಲಾಗಿದ್ದರೆ ಪೆಡಲೂ ಹಿಂದಕ್ಕೆ ತಿರುಗಬೇಕಿತ್ತು, ಇದರಲ್ಲಿ ಅಲ್ಲಾಡಲೇ ಇಲ್ಲ! "ಇನ್ನೊಂದು ಸಲ ಮಾಡು" ಅಂದೆ. ಮಾಡಿದಳು. ಬಗ್ಗಿ ಚಕ್ರದ ನಡುವಿನ ಆ ಹಬ್ಬನ್ನ ಮುಟ್ಟಿ ನೋಡಿದೆ. ಬೆರಳಿಗೆ ಅಂಟಿದ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು... "ನೀನೇ ಹೇಳು ತಾತ, ಯಾವುದು ತಗೊಳ್ಳಲಿ?" ಅಂತ ಅವಳು ಕೇಳ್ತಾ ಇದ್ದಳು. "ಸಾಯಂಕಾಲ ಹೇಳ್ತೀನಿ ಕಣಮ್ಮ" ಅಂದು ಎದ್ದು ಜಗಲಿ ಮೇಲೆ ಬಂದು ಕೂತೆ. ಸಂತೋಷದ ದಿನ, ಕಣ್ಣಲ್ಲಿ ನೀರು ಯಾಕೆ ಅಂತ ಮಕ್ಕಳಿಗೆ ಏನು ಹೇಳಲಿ.

ಎಂಬತ್ತನೇ ಇಸವಿಯ ಆಸುಪಾಸು. ಕೈವಾರದ ರಸ್ತೆಯಲ್ಲಿ ನನ್ನ ಅಂಗಡಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡ್ತಿದ್ದೆ, ರಿಪೇರಿ ಮಾಡ್ತಿದ್ದೆ. ರಾಗಿ ಕೊಯ್ಲು ಮುಗಿದ ಮೇಲೆ ಪ್ರತಿ ವರ್ಷ ಆಂಧ್ರದ ಕಡೆಯಿಂದ ಗಂಡ ಹೆಂಡತಿ ಇಬ್ಬರು ಸೈಕಲ್ ಸರ್ಕಸ್ಸಿನವರು ಬರುತ್ತಿದ್ದರು. ಸರ್ಕಸ್ ಅಂದರೆ ಡೇರೆ, ಆನೆ, ಹುಲಿ ಏನೂ ಇಲ್ಲ. ಬಯಲಲ್ಲಿ ಸುತ್ತ ಹಗ್ಗ ಕಟ್ಟಿ ನಡುವೆ ಒಂದು ಕಂಬ ನೆಡೋದು, ಒಬ್ಬರು ಸೈಕಲ್ ಹತ್ತೋದು. ಹತ್ತಿದ ಮೇಲೆ ಗೊತ್ತು ಮಾಡಿದ ದಿನ ಮುಗಿಯೋವರೆಗೂ ಕಾಲು ನೆಲಕ್ಕೆ ಸೋಕಬಾರದು, ಅದೇ ಪಂದ್ಯ. ಊಟ ಅದರ ಮೇಲೇ, ತಲೆ ಬಾಚಿಕೊಳ್ಳೋದು ಅದರ ಮೇಲೇ. ನಡುನಡುವೆ ಆಟಗಳು. ಮೊದಮೊದಲು ಗಂಡನೇ ತುಳಿಯುತ್ತಿದ್ದನಂತೆ. ಅವನಿಗೆ ದಮ್ಮು ಬಂದ ಮೇಲೆ ಅವಳು ಹತ್ತಿದಳು, ಅವನು ಮೈಕು ಹಿಡಿದ. "ಭೂಮಿತಾಯಿಗೆ ಕಾಲು ಸೋಕಿಸದ ಹೆಣ್ಣುಮಗಳು ನೋಡ್ರಪ್ಪೋ!" ಅಂತ ಅವನು ಕೂಗಿದರೆ ಬಸ್ ಸ್ಟ್ಯಾಂಡಿನವರೆಗೂ ಕೇಳೋದು.

ಅವಳನ್ನ ನಾನು ಅಕ್ಕ ಅಂತಿದ್ದೆ, ಅವಳ ಗಂಡನನ್ನ ಬಾವ ಅಂತಿದ್ದೆ. ನನ್ನನ್ನ ಅವಳು ತಮ್ಮಾ ಅಂತಿದ್ದಳು. ಹೆಸರು ನಾನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ಸೀರೆಯನ್ನ ಕಚ್ಚೆ ಹಾಕಿ ಉಟ್ಟು, ಜಡೆಯನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದಳು ಅಂದರೆ ಸೈಕಲ್ಲು ಅವಳ ಮಾತು ಕೇಳೋದು. ಅವಳ ದೊಡ್ಡ ಆಟ ಅಂದರೆ ಹಿಂದಕ್ಕೆ ತುಳಿಯೋದು. ಕಂಬದ ಸುತ್ತ, ಬೆನ್ನು ಮುಂದಾಗಿ, ನೀರು ಹರಿದ ಹಾಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಳು. ಮುದುಕಿಯರು "ಅಯ್ಯೋ ಶಿವನೇ" ಅಂತ ಬಾಯಿ ಮುಚ್ಚಿಕೊಳ್ಳೋರು. ಕೊನೇ ದಿನ ಮಣೆ ಹಾಕಿ ಕಾಲು ಇಳಿಸುವಾಗ ಊರ ಹೆಂಗಸರೇ ಅರಿಶಿನದ ನೀರಲ್ಲಿ ಅವಳ ಕಾಲು ತೊಳೆದು ಕುಂಕುಮ ಇಡುತ್ತಿದ್ದರು.

ತೊಂಬತ್ತರ ಹೊತ್ತಿಗೆ ಜನ ಕಡಿಮೆಯಾದರು. ಮನೆಮನೆಗೆ ಟೀವಿ ಬಂತು. ಆ ವರ್ಷ ಅಕ್ಕ ಬಂದಾಗ ಒಂದು ಕೆಂಪು ಗಿಡ್ಡ ಸೈಕಲ್ಲನ್ನ ತಳ್ಳಿಕೊಂಡು ನನ್ನ ಅಂಗಡಿಗೇ ಬಂದಳು. ಬಿಎಂಎಕ್ಸು! ಯಾರೋ ಸಾಹುಕಾರರ ಮಗ ಆಡಿ ಬಿಟ್ಟಿದ್ದು, ಗೌರಿಬಿದನೂರಿನ ಗುಜರಿಯಲ್ಲಿ ಸಿಕ್ಕಿತಂತೆ. "ತಮ್ಮಾ, ಇದು ಗಿಡ್ಡ. ಇದರ ಮೇಲೆ ನಿಂತು ತಿರುಗಬಹುದು. ಜನ ಬರ್ತಾರೆ ನೋಡ್ತಿರು" ಅಂದಳು. ಅವಳ ಕಾಲು ಊದಿದ್ದವು. ಸೀರೆ ಅಂಚು ಎಳೆದೆಳೆದು ಮುಚ್ಚುತ್ತಿದ್ದಳು. ಚಪ್ಪಲಿ ಹಿಡಿಸದೆ ಕೈಯಲ್ಲಿ ಹಿಡಿದಿದ್ದಳು.

ಯಾವುದು ಇರಲಿ, ಯಾವುದು ಹೋಗಲಿ ಅಂತ ಮಧ್ಯಾಹ್ನವೆಲ್ಲ ಕೂತು ಮಾತಾಡಿದೆವು. ಮುಂದಿನ ನಂಬರ್ ಪ್ಲೇಟು, ಹ್ಯಾಂಡಲಿಗೆ ಸುತ್ತಿದ್ದ ಸ್ಪಂಜು, ಎಲ್ಲ ಕಿತ್ತೆವು. ಬ್ರೇಕಿನ ತಂತಿ ಇದ್ದರೆ ಹ್ಯಾಂಡಲ್ ಪೂರ್ತಿ ಸುತ್ತಲ್ಲ, ಅದೂ ಹೋಯಿತು. ನಿಲ್ಲಕ್ಕೆ ಅಂತ ಚಕ್ರದ ಪಕ್ಕ ಪೈಪಿನ ತುಂಡು ಕೂರಿಸಿದೆ. ಕೊನೆಗೆ ಉಳಿದದ್ದು ಹಿಂದಿನ ಚಕ್ರ.

ಅಲ್ಲೇ ಇತ್ತು ಕಷ್ಟ. ಫ್ರೀವೀಲ್ ಇದ್ದರೆ ತುಳಿಯೋದು ನಿಲ್ಲಿಸಿದರೂ ಸೈಕಲ್ ಓಡುತ್ತೆ, ಕಾಲಿಗೆ ಬಿಡುವು ಸಿಗುತ್ತೆ. ಆದರೆ ಹಿಂದಕ್ಕೆ ತುಳಿಯಕ್ಕಾಗಲ್ಲ, ಬರೀ ಕಟಕಟ ಅನ್ನುತ್ತೆ. ಅದನ್ನ ತೆಗೆದು ಫಿಕ್ಸ್ ಹಾಕಿದರೆ ಹಿಂದಕ್ಕೂ ಹೋಗಬಹುದು. ಆದರೆ ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತೆ, ಕಾಲನ್ನ ಎಳೆಯುತ್ತಲೇ ಇರುತ್ತೆ. ದಿನಗಟ್ಟಲೆ.

"ಅಕ್ಕಾ, ಈ ಸಲ ಫ್ರೀವೀಲೇ ಇರಲಿ. ನಿನ್ನ ಕಾಲು ನೋಡಿದ್ದೀಯಾ?" ಅಂದೆ.

ಅವಳು ಗಂಡನ ಕಡೆ ನೋಡಿದಳು. ದಮ್ಮಿನಿಂದ ಬೀಡಿ ಬಿಟ್ಟಿದ್ದ ಅವನು ಖಾಲಿ ಕೈಯನ್ನ ನೋಡಿಕೊಳ್ಳುತ್ತಾ ಕೂತಿದ್ದ.

"ಮುಂದಕ್ಕೆ ಎಲ್ಲಾರೂ ಹೋಗ್ತಾರೆ ಕಣೋ ತಮ್ಮಾ. ಪೋಸ್ಟ್‌ಮನ್ನೂ ಹೋಗ್ತಾನೆ. ಅದನ್ನ ನೋಡಕ್ಕೆ ಯಾರಾದರೂ ಟೀವಿ ಬಿಟ್ಟು ಬರ್ತಾರಾ? ಫಿಕ್ಸ್ ಹಾಕು" ಅಂದಳು.

ಹಾಕಿದೆ. ಅವಳ ಸೈಕಲ್ಲು, ಅವಳ ಕಾಲು, ಅವಳ ಆಟ. ಅದರ ಮೇಲೆ ಮಾತಿಲ್ಲ.

ಚಿಂತಾಮಣಿಯಲ್ಲಿ ಆ ಸಲ ಜನವೋ ಜನ. ಗಿಡ್ಡ ಸೈಕಲ್ಲಿನ ಪೈಪಿನ ಮೇಲೆ ನಿಂತು ಗಿರ್ರನೆ ತಿರುಗಿದಳು, ಹಿಂದಕ್ಕೆ ತುಳಿದು ಕಂಬ ಸುತ್ತಿದಳು. ಮಕ್ಕಳು ಮರ ಹತ್ತಿ ಕೂತಿದ್ದವು. ಕೊನೇ ದಿನ ಕಾಲು ತೊಳೆದ ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಊದಿತ್ತು. ಅಕ್ಕ ನಗುತ್ತಲೇ ಇದ್ದಳು.

ಅಲ್ಲಿಂದ ಶಿಡ್ಲಘಟ್ಟಕ್ಕೆ ಹೋದರು. ಸ್ವಲ್ಪ ದಿನಕ್ಕೆ ಬಸ್ಸಿನ ಕಂಡಕ್ಟರು ಅಂಗಡಿ ಮುಂದೆ ನಿಂತು, "ನಿಮ್ಮ ಸೈಕಲ್ ಅಕ್ಕ ಬಿದ್ದೋದ್ಲಂತೆ ಕಣಣ್ಣ" ಅಂದ. ಹಿಂದಕ್ಕೆ ಹೋಗ್ತಾ ಹೋಗ್ತಾ ತಲೆ ತಿರುಗಿ ಬಿದ್ದಳಂತೆ. ಬಿದ್ದದ್ದೂ ಆಟವೇ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರಂತೆ. ಗಂಡ ಮೈಕು ಎಸೆದು ಓಡಿದ ಮೇಲೇ ಎಲ್ಲರಿಗೂ ತಿಳಿದದ್ದು...

ಮಳೆಗಾಲ ಕಳೆದ ಮೇಲೆ ಒಂದು ದಿನ ಅವರಿಬ್ಬರೂ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಬಂದವರು ನನ್ನ ಅಂಗಡಿಗೂ ಬಂದರು. ಅಕ್ಕ ಗಂಡನ ಭುಜ ಹಿಡಿದು ನಡೆಯುತ್ತಿದ್ದಳು. ಹೃದಯ ಸೋತಿದೆ, ಇನ್ನು ಸೈಕಲ್ ಮುಟ್ಟಬಾರದು ಅಂತ ಡಾಕ್ಟರು ಹೇಳಿದ್ದರಂತೆ. ಟೀ ಕುಡಿದಳು. ಆಮೇಲೆ ಬಾಡಿಗೆಗೆ ನಿಲ್ಲಿಸಿದ್ದ ಲೇಡೀಸ್ ಸೈಕಲ್ಲಿನ ಕಡೆ ಕೈ ತೋರಿಸಿ, "ಅದನ್ನ ಕೊಡೋ ತಮ್ಮಾ" ಅಂದಳು.

"ಬೇಡ ಅಕ್ಕಾ."

"ಅಲ್ಲಿ ತನಕ ಅಷ್ಟೇ, ಇಳಿಜಾರು ಮುಗಿಯೋ ತನಕ."

ನಾನು ಬಾವನ ಮುಖ ನೋಡಿದೆ. ಅವನು ತಲೆ ಆಡಿಸಿದ. ನಾವಿಬ್ಬರೂ ಹಿಡಿದು ಹತ್ತಿಸಿದೆವು. ಅಂಗಡಿ ಮುಂದಿನ ರಸ್ತೆ ಇಳಿಜಾರು. ಅಕ್ಕ ಎರಡು ಸಲ ತುಳಿದಳೋ ಏನೋ, ಆಮೇಲೆ ಕಾಲು ಆಡಿಸಲೇ ಇಲ್ಲ. ಸುಮ್ಮನೆ ಇಟ್ಟುಕೊಂಡಳು. ಫ್ರೀವೀಲು ಟಿಕ್ ಟಿಕ್ ಅಂತ ಸದ್ದು ಮಾಡ್ತಾ ಇತ್ತು, ಸೈಕಲ್ಲು ತಾನಾಗಿ ಇಳಿದು ಹೋಯಿತು, ಸೆರಗು ಹಾರುತ್ತಿತ್ತು. ನಾನು ಹಿಂದೆ ಓಡಿದೆ. ತಗ್ಗಿನಲ್ಲಿ ನಿಂತು ಉಬ್ಬಸ ಪಡುತ್ತಾ ನಗುತ್ತಿದ್ದಳು. "ಎಂತ ಹಾಯಿಗಾ ಉಂದೋ!" ಅಂತ ಅವಳ ತೆಲುಗಿನಲ್ಲೇ ಅಂದಳು, ಎಷ್ಟು ಹಾಯಾಗಿದೆ ಅಂತ. ಆಮೇಲೆ, "ಇಷ್ಟು ವರ್ಷ ಸೈಕಲ್ ಮೇಲೇ ಬದುಕಿದೆ ತಮ್ಮಾ. ಸೈಕಲ್ಲಿನ ಮೇಲೆ ಕಾಲು ಸುಮ್ನಿರಬಹುದು ಅಂತ ಮರ್ತೇ ಹೋಗಿತ್ತು" ಅಂದಳು.

ಮುಂದಿನ ವರ್ಷ ಬಾವ ಒಬ್ಬನೇ ಬಂದ. ಅಕ್ಕ ಎಲ್ಲಿ ಅಂತ ಕೇಳಿದೆ. ಕೈ ಮೇಲಕ್ಕೆ ಎತ್ತಿ ತೋರಿಸಿದ. ಅವನಿಗೆ ಟೀ ತರಿಸಿದೆ. ಅವನೂ ಆಮೇಲೆ ಈ ಕಡೆ ಬರಲಿಲ್ಲ... ಹಗ್ಗ ಕಟ್ಟುತ್ತಿದ್ದ ಬಯಲಲ್ಲಿ ಈಗ ಕಲ್ಯಾಣ ಮಂಟಪ.

ಸಂಜೆ ನಮ್ಮ ಮನೆಯಲ್ಲಿ ಕೋಳಿ ಸಾರು, ಮುದ್ದೆ, ಮೊಮ್ಮಗಳಿಗೆ ಇಷ್ಟ ಅಂತ ಒಬ್ಬಟ್ಟು. ಶಿಡ್ಲಘಟ್ಟದಿಂದ ಮಗಳು ಅಳಿಯ ಮಕ್ಕಳೂ ಬಂದಿದ್ದರು. ಹಜಾರದ ತುಂಬಾ ಎಲೆ ಹಾಕಿ ಎಲ್ಲರೂ ಸಾಲಾಗಿ ಕೂತೆವು.

"ಕಾಲು ಸುಮ್ನಿದ್ರೂ ಹಿಂದಕ್ಕೆ ಹೋಗೋ ಆ ಹಬ್ಬನ್ನೇ ತಗೊ ಕಣಮ್ಮ" ಅಂದೆ.

"ಅಪ್ಪಾ, ಹ್ಯಾಂಡಲ್ಲು?" ಅಂದ ಮಗ.

"ತುಕ್ಕು ತಾನೇ? ನಾನು ಉಜ್ಜಿಕೊಡ್ತೀನಿ ಬಿಡೋ."

ಮೊಮ್ಮಗಳು ಯಾಕೆ ತಾತ ಅಂದಳು. ಹೇಳಿದೆ. ಅಕ್ಕನ ವಿಷಯ ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುತ್ತಾ ಹೇಳುತ್ತಾ ನನ್ನ ಕೈಯಲ್ಲಿದ್ದ ಮುದ್ದೆ ಒಣಗಿಹೋಯಿತು. ಸೊಸೆ ಸೌಟು ಹಿಡಿದು ಹಾಗೇ ನಿಂತಿದ್ದಳು. ಚಿಕ್ಕ ಮಕ್ಕಳೂ ಗಲಾಟೆ ನಿಲ್ಲಿಸಿದ್ದವು. ಮೊಮ್ಮಗಳು ಕೇಳಿದಳು:

"ತಾತ, ಆಯಮ್ಮ ಹಿಂದಕ್ಕೆ ಹೋಗುವಾಗ ಎಲ್ಲಿ ನೋಡ್ತಿದ್ರು? ಭುಜದ ಮೇಲಿಂದ ಹಿಂದಕ್ಕಾ? ಇಲ್ಲಾ ಮುಂದಿನ ಚಕ್ರಾನಾ? ನಂಗೆ ಅದೇ ಬರ್ತಿಲ್ಲ."

ಎಷ್ಟು ನೆನೆಸಿಕೊಂಡರೂ ನನಗೆ ಆ ಕಾಲುಗಳೇ ಕಾಣುತ್ತವೆ. ಕಣ್ಣು ಎಲ್ಲಿತ್ತು ಅಂತ ನಾನು ನೋಡಲೇ ಇಲ್ಲ. ಅದನ್ನ ಹೇಳಿಕೊಡಬೇಕಾಗಿದ್ದವಳು ಅವಳೊಬ್ಬಳೇ.

"ಗೊತ್ತಿಲ್ಲ ಕಣಮ್ಮ" ಅಂದೆ.

"ಹೋಗ್ಲಿ ಬಿಡು ತಾತ, ಕಲ್ತ್ಕೊತೀನಿ" ಅಂತ ಅವಳು ತನ್ನ ಎಲೆಯ ಮೇಲಿದ್ದ ಕೋಳಿ ಲಿವರ್ ತುಂಡನ್ನ ನನ್ನ ಎಲೆಗೆ ಹಾಕಿದಳು. ನನ್ನ ಹೆಂಡತಿ ಬಿಸಿ ಮುದ್ದೆ ತಂದು, "ಒಣಗಿದ್ದು ತೆಗೀರಿ, ಇದನ್ನ ತಿನ್ರಿ" ಅಂದಳು. ಸೊಸೆ ಸಾರು ಬಡಿಸಿದಳು. ಮಕ್ಕಳು ಒಬ್ಬಟ್ಟಿಗೆ ಮತ್ತೆ ಕಿತ್ತಾಡಲು ಶುರು ಮಾಡಿದವು. ಎಲ್ಲರೂ ಉಂಡರು, ನಾನೂ ಉಂಡೆ.