ಯಜಮಾನರಿಲ್ಲದಾಗಲೂ ಕೂಗುವ ಪೆಟ್ಟಿಗೆ

ನಮ್ಮ ಶಶಿರೇಖಾಗೆ ಯಂತ್ರದ ಮೇಲೆ ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತದೆ. ಊರಿನವರ ಜೊತೆ ಕನ್ನಡ, ಹೊಸೂರಿನ ಕಾರ್ಖಾನೆಯಲ್ಲಿ ತಮಿಳು, ಬೈಗುಳಕ್ಕೆ ಮಾತ್ರ ಅವಳ ಅಮ್ಮನ ತೆಲುಗು. ಆ ತೆಲುಗು ಕೇಳಿಸಿತು ಅಂದರೆ ಏನೋ ಕೆಟ್ಟಿದೆ, ಇನ್ನು ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಅಂತ ನಮಗೆಲ್ಲ ಗೊತ್ತು.

ಜವಳಗಿರಿ ಕಾಡಿನ ಅಂಚಿಗಿರುವ ಈ ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಟೀಚರು. ಅವಳಿಗೆ ಅಕ್ಷರ ತಿದ್ದಿಸಿದವಳು ನಾನೇ. ಹಾಗಾಗಿ ಅವಳನ್ನು ಹೊಗಳುವ ಹಕ್ಕು ನನಗೆ ಉಳಿದವರಿಗಿಂತ ಒಂದು ಹಿಡಿ ಜಾಸ್ತಿಯೇ ಇದೆ. ಯಾರಾದರೂ ನಡುವೆ ಬಾಯಿ ಹಾಕಿದರೆ ಸುಮ್ಮನಿರುವ ಜಾಯಮಾನವೂ ನನ್ನದಲ್ಲ.

ಹೊಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಅಲ್ಲೇ ಒಂದು ಕಾರ್ಖಾನೆ ಸೇರಿದಳು. ಅಲ್ಲಿನ ಕಂಪ್ಯೂಟರುಗಳು ನಿಲ್ಲದಂತೆ ನೋಡಿಕೊಳ್ಳುವುದು ಅವಳ ಕೆಲಸ. ಬೆಳಗಾಗುತ್ತಲೇ ಕಂಪನಿ ಬಸ್ಸು ಹತ್ತಿ ಕಿಟಕಿಗೆ ತಲೆ ಕೊಟ್ಟು ಮಲಗಿದರೆ ಹೊಸೂರು ಬರುವವರೆಗೂ ಅವಳಿಗೆ ಲೋಕವಿಲ್ಲ. ಭಾನುವಾರ ಮಾತ್ರ ಊರಿಗೆ ಪೂರ್ತಿ ಸಿಗುತ್ತಾಳೆ. ಆ ಒಂದು ದಿನವನ್ನೂ ನಮ್ಮೂರಿನ ಆನೆ ಸೈರನ್ನಿಗೆ ಕೊಟ್ಟುಬಿಟ್ಟ ಪುಣ್ಯಾತ್ಗಿತ್ತಿ ಅವಳು.

ಆ ಸೈರನ್ನಿನ ವಿಷಯ ಹೇಳುತ್ತೇನೆ. ರಾಗಿ ತೆನೆ ಬಲಿಯುವ ಕಾಲಕ್ಕೆ ನಮ್ಮಲ್ಲಿ ಆನೆ ಇಳಿಯುತ್ತದೆ. ಶಶಿರೇಖಾ ಮತ್ತು ಊರಿನವರು ಸೇರಿ ಕಾಡಿನ ಅಂಚಿನಲ್ಲಿ ಕಂಬ ನೆಟ್ಟು ಅದಕ್ಕೊಂದು ಕ್ಯಾಮೆರಾ ಕಟ್ಟಿದರು. ಊರಿನ ಕೊನೆ ಮನೆ ವೆಂಕಟರಮಣಪ್ಪನವರದು. ಅವರ ನಡುಮನೆಯಲ್ಲಿ ಒಂದು ಕಂಪ್ಯೂಟರ್ ಪೆಟ್ಟಿಗೆ, ಮಾಳಿಗೆಯ ಮೇಲೆ ಸೈರನ್. ಕ್ಯಾಮೆರಾದಲ್ಲಿ ಕಂಡದ್ದು ಆನೆಯೇ ಎಂದು ಪೆಟ್ಟಿಗೆಗೆ ತಿಳಿದರೆ ಸೈರನ್ ಊರೆಲ್ಲ ಕೇಳುವಂತೆ ಕೂಗುತ್ತದೆ. ಮೊದಲನೇ ವರ್ಷ ತಪ್ಪದೆ ಕೂಗಿತು. ಒಬ್ಬರಿಗೂ ತೊಂದರೆಯಾಗಲಿಲ್ಲ.

ಇದರಿಂದ ಹೆಚ್ಚು ನೆಮ್ಮದಿ ಕಂಡವರು ವೆಂಕಟರಮಣಪ್ಪನವರ ಹೆಂಡತಿ ಅಂಜಮ್ಮ. ಅವರ ದನದ ಕೊಟ್ಟಿಗೆ ಇರುವುದು ಹೊಲದಾಚೆ, ಕಾಡಿಗೆ ಹತ್ತಿರ. ಹಾಲಿನ ವ್ಯಾನು ಬೇಗ ಬರುವುದರಿಂದ ಮಬ್ಬುಗತ್ತಲಲ್ಲೇ ಕ್ಯಾನು ಹಿಡಿದು ಹೊರಡಬೇಕು. ಮುಂಚೆಯೆಲ್ಲ ಬೇಲಿಯ ಹತ್ತಿರ ನಿಂತು, ಕಿವಿಗೊಟ್ಟು ಕೇಳಿ, ಗಾಳಿಯ ವಾಸನೆ ನೋಡಿ, ಎರಡು ಸಲ ಕೆಮ್ಮಿ, ಆಮೇಲೆ ಹೆಜ್ಜೆ ಇಡುತ್ತಿದ್ದರು. ಸೈರನ್ ಬಂದ ಮೇಲೆ ಆ ಅಭ್ಯಾಸ ಬಿಟ್ಟುಹೋಯಿತು. ಸೈರನ್ ಕೂಗಿಲ್ಲ ಅಂದರೆ ಆನೆ ಇಲ್ಲ, ಅಷ್ಟೇ. ನಾವೆಲ್ಲರೂ ಹಾಗೇ ಆಗಿದ್ದೆವು. ಹೀಗೆ ನಂಬಿದ ಮೇಲೆ ಕೆಟ್ಟ ಸೈರನ್ನಿಗಿಂತ ಸೈರನ್ ಇಲ್ಲದಿರುವುದೇ ವಾಸಿ ಅಂತ ಆಗ ನಮ್ಮ ತಲೆಗೆ ಹೊಳೆಯಲಿಲ್ಲ.

ವೆಂಕಟರಮಣಪ್ಪನವರಿಗೆ ಆ ಪೆಟ್ಟಿಗೆ ಮೊಮ್ಮಗುವಿನಷ್ಟು ಮುದ್ದು. ಸಂಜೆ ಅದರ ಮುಂದೆ ಕೂತು ಅವತ್ತು ಕ್ಯಾಮೆರಾಗೆ ಸಿಕ್ಕಿದ ಹಂದಿ, ನವಿಲು, ಜಿಂಕೆಗಳನ್ನೆಲ್ಲ ನೋಡುವರು, ಬೀದಿಯಲ್ಲಿ ಹೋಗುವವರನ್ನೂ ಕರೆದು ತೋರಿಸುವರು. ನೋಡಿದ ಮೇಲೆ ಪರದೆ ಹಾಗೇ ಉರಿಯುತ್ತಿರುತ್ತಿತ್ತು. ಅಂಜಮ್ಮನಿಗೆ ಆ ಬೆಳಕಿಗೆ ನಿದ್ದೆ ಬಾರದು.

"ದೊಡ್ಡಪ್ಪಾ, ನೋಡಾದ್ಮೇಲೆ ಇದನ್ನ ಒತ್ತಿ, ಬೆಳಕು ಆರೋಗ್ತದೆ," ಎಂದು ಶಶಿರೇಖಾ ಪರದೆಯ ಮೂಲೆ ತೋರಿಸಿದಳು. ಅಲ್ಲಿ 'ನಿರ್ಗಮಿಸು' ಎಂದಿತ್ತು.

"ಅಂಗಂದ್ರೆ?"

"ಹೋಗ್ತೀನಿ ಅಂತ."

"ಬುಡ್ತು ಅನ್ನಮ್ಮಾ! ದೀಪ ಹಚ್ಚೋ ಹೊತ್ನಾಗೆ, ಮನೆ ಒಳಗೆ ಕೂತ್ಕಂಡು ಹೋಗ್ತೀನಿ ಅಂತಾರಾ? ನಾನು ಒತ್ತಾಕಿಲ್ಲ."

ಅವರು ಹೇಳಿದ್ದು ಸರಿಯೇ. ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ. ಬೀದಿ ಕೊನೆಯ ಅಂಗಡಿಗಾದರೂ ಸರಿ, ಬತ್ತೀನಿ ಎಂದೇ ಹೊರಡಬೇಕು. ಶಶಿರೇಖಾ ನಕ್ಕಳು. ಮುಂದಿನ ಭಾನುವಾರ ಬಂದು ಆ ಪದವನ್ನು ಅಳಿಸಿ, ಅದೇ ಜಾಗದಲ್ಲಿ 'ಬತ್ತೀನಿ' ಎಂದು ಕನ್ನಡದಲ್ಲಿ ಬರೆದುಕೊಟ್ಟಳು. ವೆಂಕಟರಮಣಪ್ಪನವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅವತ್ತಿನಿಂದ ದಿನಾ ಸಂಜೆ ಚಿತ್ರ ನೋಡುವುದು, ಪೆಟ್ಟಿಗೆಗೆ ಬತ್ತೀನಿ ಹೇಳುವುದು, ಎದ್ದು ದೇವರ ದೀಪ ಹಚ್ಚುವುದು. ಮಾರನೆಯ ಸಂಜೆ ತಮ್ಮ ಗುಟ್ಟಿನ ಅಂಕಿ ಒತ್ತಿ ಮತ್ತೆ ಒಳಗೆ ಹೋಗುವುದು. ಎಷ್ಟು ಅಚ್ಚುಕಟ್ಟು!

ಎರಡನೇ ವರ್ಷದ ಕಾರ್ತಿಕದಲ್ಲಿ ಒಂದು ಬೆಳಗಿನ ಜಾವ ಅಂಜಮ್ಮ ಎಂದಿನಂತೆ ಕ್ಯಾನು ಹಿಡಿದು ಹೊರಟರು. ಸೈರನ್ ಕೂಗಿರಲಿಲ್ಲ. ಬೇಲಿ ದಾಟಿ ಹೊಲಕ್ಕಿಳಿದರೆ ರಾಗಿಯ ನಡುವೆ ಒಂಟಿ ಸಲಗ ನಿಂತಿದೆ. ಕೈಯಲ್ಲಿದ್ದ ಕ್ಯಾನು ಎಸೆದು ಓಡಿದರು, ಬದುವಿನ ಕಾಲುವೆಗೆ ಬಿದ್ದರು, ಮುಂಗೈ ಮೂಳೆ ಮುರಿಯಿತು. ಕ್ಯಾನು ಕಲ್ಲಿಗೆ ಬಡಿದ ಸದ್ದಿಗೆ ಆನೆ ಬೆದರಿ ಕಾಡಿನ ಕಡೆ ತಿರುಗಿತು. ಇವರ ಕಡೆ ತಿರುಗಿದ್ದರೆ? ಅಯ್ಯೋ, ಬೇಡ, ಆ ಮಾತು ಬೇಡ.

ಊರು ಹೊತ್ತಿಕೊಂಡು ಉರಿಯಿತು. "ಕಿತ್ತಾಕ್ರಲಾ ಆ ಪೆಟ್ಗೇನಾ! ನಂಬಿಸಿ ಕತ್ತು ಕೊಯ್ತದೆ ಅದು," ಎಂದು ಪಕ್ಕದ ಹೊಲದ ಗೋಪಿನಾಥ ಎಗರಾಡಿದ. ಶಶಿರೇಖಾ ಅವತ್ತು ಸಂಜೆ ಬಸ್ಸಿಳಿದವಳು ಮನೆಗೂ ಹೋಗದೆ, ಕಂಪನಿಯ ಯೂನಿಫಾರಂನಲ್ಲೇ ಓಡಿಬಂದು ಪೆಟ್ಟಿಗೆಯ ಮುಂದೆ ಕೂತಳು. ವೆಂಕಟರಮಣಪ್ಪನವರ ಅಂಕಿ ಒತ್ತಿ ಒಳಗೆ ಹೋಗಿ ನೋಡಿದರೆ ಎಲ್ಲ ಸರಿಯಾಗಿದೆ. ಸೈರನ್ನಿನ ಕೆಲಸ ನಡೆಯುತ್ತಿದೆ ಎಂದು ಹಸಿರು ಚುಕ್ಕಿ ಹೇಳುತ್ತಿದೆ. ಪರೀಕ್ಷೆಗೆ ಒತ್ತಿದಳು, ಕೂಗಿತು. ಮಾರನೆಯ ಬೆಳಗ್ಗೆ ಗೋಪಿನಾಥನ ಹೊಲಕ್ಕೇ ಆನೆ ಬಂತು. ಸೈರನ್ ತುಟಿ ಪಿಟಕ್ ಅನ್ನಲಿಲ್ಲ. ಸಂಜೆ ಶಶಿರೇಖಾ ಬಂದು ಕೂತಳು. ಮತ್ತೆ ಕೂಗಿತು!

"ಇವ್ಳು ಬಂದ್ರೆ ಬಾಯಿ ಬುಡ್ತದೆ, ಇಲ್ದಿದ್ರೆ ಮೂಗಿ. ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದ ಗೋಪಿನಾಥ.

"ಅವ್ಳು ನೆಲ ಡೊಂಕು ಅಂದ್ಳೇನೋ? ಬಾಯಿ ಮುಚ್ಕೊಂಡು ನೋಡೋಕೆ ಬಿಡು," ಎಂದು ನಾನೂ ಕೂಗಿದೆ. ಆದರೆ ನನಗೂ ಒಳಗೊಳಗೇ ಭಯ. ಕೈಗೆ ಕಟ್ಟು ಹಾಕಿಸಿಕೊಂಡೇ ಅಂಜಮ್ಮ ಕೊಟ್ಟಿಗೆಗೆ ಹೋಗುತ್ತಿದ್ದರು. ಬೇಡ ಅಂದರೆ, "ದನಕ್ಕೆ ನಾಳೆ ಬಾ ಅನ್ನೋಕಾದದಾ ಟೀಚರಮ್ಮಾ?" ಅನ್ನುತ್ತಿದ್ದರು. ದಿನಾ ಮಬ್ಬಿನಲ್ಲಿ ಆ ಜೀವ ಹೊಲ ದಾಟಬೇಕಾಗಿತ್ತು. ಭಾನುವಾರದೊಳಗೆ ಸರಿಹೋಗದಿದ್ದರೆ ಸೈರನ್ ಇಳಿಸಿಬಿಡುವುದು ಅಂತ ಊರು ತೀರ್ಮಾನಿಸಿತು.

ಭಾನುವಾರ ಮಧ್ಯಾಹ್ನ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಶಶಿರೇಖಾ ಒಳಗೆ ಹೋದಳು, ಹಸಿರು ಚುಕ್ಕಿ ಬಂತು. ತೆಲುಗು ಶುರುವಾಯಿತು. ಅವಳ ಅಮ್ಮನಿಗೂ ಗೊತ್ತಿರಲಾರದ ಬೈಗುಳ. ಇದ್ದಕ್ಕಿದ್ದಂತೆ ಬಾಯಿ ನಿಂತಿತು. ಚುಕ್ಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಈ ಕೆಲಸ ಯಾವಾಗ ಶುರುವಾಯಿತು ಅಂತ ಬರೆದಿರುತ್ತದಂತೆ. ಈಗ ತಾನೇ, ಎಂದಿತ್ತು.

"ಟೀಚರ್, ಈಗ ತಾನೇ ಯಾಕೆ? ವರ್ಷದಿಂದ ಓಡ್ತಿರ್ಬೇಕಲ್ವಾ ಇದು? ಈಗ ತಾನೇ ಬಂದೋಳು ನಾನು!" ಎಂದವಳು ತಿರುಗಿ, "ದೊಡ್ಡಪ್ಪಾ, ನೀವು ದಿನಾ ಈ ಬತ್ತೀನಿ ಒತ್ತೀರಾ?" ಎಂದು ಕೇಳಿದಳು.

"ಒತ್ದೆ ಏನು? ಹೇಳ್ದೆ ಕೇಳ್ದೆ ಎದ್ದೋಗೋಕೆ ನಾನೇನು ಕಳ್ನಾ?" ಎಂದರು ವೆಂಕಟರಮಣಪ್ಪ.

ಶಶಿರೇಖಾ ತಲೆಯ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಅಂಜಮ್ಮನನ್ನೂ ಕರೆದು ಕೂರಿಸಿಕೊಂಡು ಬಿಡಿಸಿ ಹೇಳಿದಳು.

"ನೋಡಿ ದೊಡ್ಡಪ್ಪಾ. ಕರೆಂಟ್ ಬಂದ ತಕ್ಷಣ ಈ ಪೆಟ್ಗೇಲಿ ಎಲ್ಲಾರ್ಗಿಂತ ಮುಂಚೆ ಏಳೋನು ಒಬ್ಬ ಇದಾನೆ, ಸಿಸ್ಟಮ್ ಮ್ಯಾನೇಜರು ಅಂತ. ನಮ್ ಕೆರೆ ನೀರುಗಂಟಿ ಇದ್ದಂಗೆ. ಯಾರು ಮನೇಲಿರ್ಲಿ, ಊರಿಗೋಗಿರ್ಲಿ, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡೋದು ಅವ್ನು ನಿಲ್ಸಲ್ಲ. ಪೆಟ್ಗೇಲೂ ಅಷ್ಟೇ. ಯಾವ್ದನ್ನ ಮೊದ್ಲು ಎಬ್ಬಿಸ್ಬೇಕು, ಯಾವ್ದನ್ನ ಆಮೇಲೆ, ನಡುವೆ ಯಾವ್ದಾದ್ರೂ ಬಿದ್ರೆ ಮತ್ತೆ ಎಬ್ಬಿಸ್ಬೇಕು, ಎಲ್ಲಾ ಅವ್ನೇ ನೋಡ್ಕೋತಾನೆ. ಇನ್ನೊಬ್ಬ ಯೂಸರ್ ಮ್ಯಾನೇಜರು. ಇವ್ನು ಮನೆ ಆಳು. ನೀವು ಅಂಕಿ ಒತ್ತಿ ಒಳಗೆ ಬಂದ್ರೆ ಏಳ್ತಾನೆ, ನಿಮ್ ಹೆಸ್ರಿಗಿರೋ ಕೆಲ್ಸಾನೆಲ್ಲ ಶುರು ಮಾಡ್ತಾನೆ. ನೀವು ಹೊರಟ್ರೆ ಅದನ್ನೆಲ್ಲ ನಿಲ್ಸಿ ಅವ್ನೂ ಹೊರಟೋಗ್ತಾನೆ. ನಾನು ಸೈರನ್ನ ಮೊದ್ಲು ಸುಮ್ನೆ ನೋಡೋಣ ಅಂತ ನಿಮ್ ಆಳಿನ ಕೈಗೆ ಕೊಟ್ಟಿದ್ದೆ. ಚೆನ್ನಾಗೇ ಕೂಗ್ತಾ ಇತ್ತಲ್ಲ, ಅಲ್ಲೇ ಬಿಟ್ಬುಟ್ಟೆ."

"ನಾನು ಹೊರಟೆ ಅಂತ ಎಲ್ಲಮ್ಮಾ ಹೇಳ್ದೆ? ಬತ್ತೀನಿ ಅಂತಾನೇ ಅಲ್ವಾ ಹೇಳಿದ್ದು? ಬತ್ತೀನಿ ಅಂದೋನು ಹೋದಂಗಾ?"

"ನಮ್ಗೆ ಅಲ್ಲ ದೊಡ್ಡಪ್ಪಾ, ಅದಕ್ಕೆ ಹೌದು. ಮೇಲಿನ ಅಕ್ಷರ ಬದಲಾಯ್ಸಿದ್ನೇ ಹೊರತು ಒಳಗಿನ ಅರ್ಥ ಬದಲಾಯ್ಸಿಲ್ಲ. ನೀವು ಮೊದ್ಲು ಹೋಗ್ತೀನಿ ಅನ್ನೋಕೆ ಒಪ್ದೇ ಇದ್ದಿದ್ಕೇ ಅಷ್ಟು ದಿನ ಸೈರನ್ ಕೂಗಿದ್ದು. ತಪ್ಪು ನಂದು."

ವೆಂಕಟರಮಣಪ್ಪನವರು ಹೆಂಡತಿಯ ಕೈಕಟ್ಟು ನೋಡಿದರು. ಕಣ್ಣು ತುಂಬಿ ಬಂತು. "ಅಂಗಾರೆ ನಿನ್ ಕೈ ಮುರ್ದಿದ್ದು ನಾನೇನಾ?"

"ಸುಮ್ಕಿರಿ," ಎಂದರು ಅಂಜಮ್ಮ. "ಮುರ್ದಿದ್ದು ಆನೆ. ಅದಕ್ಕೂ ನೀವೇ ಯಜಮಾನ್ಕೆ ಮಾಡ್ಬೇಡಿ." ಅಳುತ್ತಿದ್ದವರೂ ನಕ್ಕರು, ನಾನೂ ನಕ್ಕೆ.

ವೆಂಕಟರಮಣಪ್ಪನವರು ಹೊರಟ ಮೇಲೂ ಅವರ ಆಳು ಕೆಲಸ ಬಿಡದೆ ಉಳಿಯಲಿ ಎಂದು ಪೆಟ್ಟಿಗೆಗೆ ಒಂದು ಅಪ್ಪಣೆ ಕೊಡಬಹುದಂತೆ. ಅದನ್ನೇ ಕೊಟ್ಟುಬಿಡು, ಸುಲಭವಲ್ಲವಾ, ಎಂದೆ ನಾನು. ಅವಳು ಒಪ್ಪಲಿಲ್ಲ. "ಬೇಡ ಟೀಚರ್. ಊರಿನ ಪ್ರಾಣ ಒಬ್ರ ಹೆಸ್ರಿಗೆ ಕಟ್ಟೋದು ಬೇಡ. ಚಿತ್ರ ನೋಡೋದು ದೊಡ್ಡಪ್ಪಂದು, ಅದು ಅವ್ರ ಆಳಿನ ಹತ್ರಾನೇ ಇರ್ಲಿ. ಸೈರನ್ ಊರಿಂದು, ನೀರುಗಂಟಿಗೆ ಒಪ್ಸೋಣ," ಎಂದಳು. ಹಾಗೇ ಮಾಡಿದಳು. ಮೊದಲು ಕ್ಯಾಮೆರಾ ಏಳಲಿ, ಅದರ ಹಿಂದೆ ಸೈರನ್ನಿನ ಕೆಲಸ ಏಳಲಿ, ಬಿದ್ದರೆ ತಾನಾಗಿ ಮತ್ತೆ ಏಳಲಿ ಎಂದು ಬರೆದಿಟ್ಟಳು. ಆಮೇಲೆ ವೆಂಕಟರಮಣಪ್ಪನವರ ಕೈಯಿಂದಲೇ ಬತ್ತೀನಿ ಒತ್ತಿಸಿ, ಪ್ಲಗ್ಗು ಕಿತ್ತು, ಮತ್ತೆ ಚುಚ್ಚಿ, ಯಾರೂ ಮುಟ್ಟಕೂಡದು ಎಂದು ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದಳು.

ಪರೀಕ್ಷೆಗೆ ಆನೆ ಬೇಕಲ್ಲ? ಗೋಪಿನಾಥ ತನ್ನ ಮನೆಯ ಗಣಪತಿ ಕ್ಯಾಲೆಂಡರನ್ನು ಕ್ಯಾಮೆರಾ ಮುಂದೆ ಹಿಡಿದ. ಕೂಗಲಿಲ್ಲ. "ಗಣಪ್ಪ ರಾಗಿ ತಿನ್ನಾಕಿಲ್ಲ ಅಂತ ಅದಕ್ಕೂ ಗೊತ್ತು ಕಣ್ಲಾ," ಎಂದರು ಅಂಜಮ್ಮ. ನಾನು ಶಾಲೆಗೆ ಓಡಿ ಗೋಡೆಯ ಮೇಲಿದ್ದ ಪ್ರಾಣಿಗಳ ಪಟ ಬಿಚ್ಚಿ ತಂದೆ. ಗೋಪಿನಾಥ ಅದರಲ್ಲಿನ ಆನೆಯನ್ನು ಕ್ಯಾಮೆರಾಗೆ ಹಿಡಿದಿದ್ದೇ ತಡ, ಮಾಳಿಗೆಯ ಮೇಲಿನಿಂದ ಸೈರನ್ ಎದೆ ನಡುಗುವಂತೆ ಕೂಗಿತು. ಅವನು ಪಟ ಕೆಳಗೆ ಹಾಕಿ ಹಿಂದಕ್ಕೆ ಹಾರಿದ. ಆಮೇಲೆ ಶಶಿರೇಖಾಳ ಮುಂದೆ ಬಂದು ನಿಂತು, "ತಪ್ಪಾಯ್ತು ಕಣಮ್ಮಾ, ಬಾಯಿಗೆ ಬಂದಂಗೆ ಅಂದ್ಬುಟ್ಟೆ," ಎಂದ. ಒಳ್ಳೆಯವನೇ, ಬಾಯಿ ಮಾತ್ರ ಜೋರು.

ಸೈರನ್ ಇಳಿಸುವ ಮಾತು ಅಲ್ಲಿಗೆ ನಿಂತಿತು. ಆದರೂ ಅಂಜಮ್ಮನ ಮನಸ್ಸಿಗೆ ಪೂರ್ತಿ ಧೈರ್ಯ ಬಂದಿರಲಿಲ್ಲ. ಹಿಡಿದದ್ದು ಪಟದ ಆನೆ ತಾನೇ? ಬೇಲಿಯ ಹತ್ತಿರ ನಿಂತು ಕೆಮ್ಮುವುದನ್ನು ಮತ್ತೆ ಶುರು ಮಾಡಿದ್ದರು.

ರಾಗಿ ಕೊಯ್ಲಿನ ಸಮಯಕ್ಕೆ ಅಂಜಮ್ಮನ ಕೈಕಟ್ಟು ಬಿಚ್ಚಿತ್ತು. ಆಗ ವೆಂಕಟರಮಣಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ನಾಯಿತು. ಮಗಳು ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಅವರ ಜೊತೆಗಿದ್ದಳು. ದನಗಳಿಗಾಗಿ ಅಂಜಮ್ಮ ಮನೆಯಲ್ಲೇ ಉಳಿದರು. ಪೆಟ್ಟಿಗೆಯನ್ನು ಮುಟ್ಟುವವರಿಲ್ಲ. ಅದರ ಜೊತೆಗೆ ಆಪರೇಷನ್ನಾದ ದಿನ ಸಂಜೆ ಗಾಳಿಮಳೆಗೆ ಕರೆಂಟು ಹೋಗಿ, ಎಷ್ಟೋ ಹೊತ್ತಿನ ಮೇಲೆ ಬಂತು. ಬೆಳಗಿನ ಜಾವ ಅಂಜಮ್ಮ ಕ್ಯಾನು ಕೈಗೆತ್ತಿಕೊಂಡು ಹೊಸಿಲು ದಾಟುವಷ್ಟರಲ್ಲಿ ಸೈರನ್ ಕೂಗಿತು. ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಊರೆಲ್ಲ ದೀಪ ಹತ್ತಿತು, ತಮಟೆ ಬಡಿದರು. ಮರಿ ಕಟ್ಟಿಕೊಂಡ ತಾಯಾನೆ ಅಂಜಮ್ಮನ ಹೊಲ ದಾಟಿ ಕಾಡಿಗೆ ಹೋಗಿದ್ದನ್ನು ಗೋಪಿನಾಥ ಮಾಳಿಗೆಯಿಂದ ಕಂಡನಂತೆ. ಮರಿ ಜೊತೆಗಿರುವ ಆನೆ ಕ್ಯಾನಿನ ಸದ್ದಿಗೆ ಬೆದರುವುದಿಲ್ಲ.

ಬೆಳಕು ಹರಿದ ಮೇಲೆ ಹಾಲು ಕರೆದು ಅಂಜಮ್ಮ ನೇರ ರಸ್ತೆಗೆ ಬಂದರು. ಹಾಲಿನ ವ್ಯಾನಿಗೆ ನಿಂತಿದ್ದ ನಮ್ಮನ್ನೆಲ್ಲ ದಾಟಿಕೊಂಡು ಹೋಗಿ, ಹೊರಡಲಿದ್ದ ಕಂಪನಿ ಬಸ್ಸಿಗೆ ಅಡ್ಡ ನಿಂತರು. ಡ್ರೈವರು ತಮಿಳಿನಲ್ಲಿ ಗದರಿಕೊಂಡ. ಅವರು ಕೇಳಿಸಿಕೊಳ್ಳಲೇ ಇಲ್ಲ. ಮೆಟ್ಟಿಲು ಹತ್ತಿ ಒಳಗೆ ಹೋಗಿ, ಕಿಟಕಿಗೆ ತಲೆ ಕೊಟ್ಟಿದ್ದ ಶಶಿರೇಖಾಳ ಮುಖವನ್ನು ಎರಡೂ ಕೈಯಲ್ಲಿ ಸವರಿ, ತಮ್ಮ ಹಣೆಗೊತ್ತಿ ನೆಟಿಗೆ ಮುರಿದರು. ಬಸ್ಸಿನಲ್ಲಿದ್ದವರೆಲ್ಲ ಎದ್ದು ನೋಡಿದರು.

"ಇವತ್ತು ಮಧ್ಯಾಹ್ನ ಅವ್ರ ಕಣ್ಣಿನ ಪಟ್ಟಿ ಬಿಚ್ತಾರೆ ಕಣವ್ವಾ," ಎಂದರು ಅಂಜಮ್ಮ. "ಕಣ್ಣು ಬಿಟ್ಟಾಗ ಎದುರ್ಗೆ ನಾನಿರ್ತೀನಿ."